ಆಡಿನ ಹುಳದ ಮದ್ದು: ಯಾವುದು, ಯಾವಾಗ, ಯಾವ ಆಡಿಗೆ?

ಮಳೆ ಹಿಡಿದು ಎರಡು ಮೂರು ವಾರ ಆಯಿತು ಅಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಆಡು ಸಾಕುವವರೆಲ್ಲ ಕೇಳುವುದು ಒಂದೇ. ಹುಳದ ಮದ್ದು ಯಾವುದು ಒಳ್ಳೇದು? ಒಬ್ಬರು ಬಿಳಿ ಮದ್ದು ಅನ್ನುತ್ತಾರೆ. ಇನ್ನೊಬ್ಬರು ಇಂಜೆಕ್ಷನ್ನೇ ಸರಿ ಅನ್ನುತ್ತಾರೆ. ಮತ್ತೊಬ್ಬರು ದನಕ್ಕೆ ತಂದ ಮಾತ್ರೆಯಲ್ಲಿ ಕಾಲು ಭಾಗ ಮುರಿದು ಬೆಲ್ಲದ ಜೊತೆ ತಿನ್ನಿಸಿದರೆ ಸಾಕು ಅನ್ನುತ್ತಾರೆ. ಮೂವರ ಆಡೂ ಬದುಕಿರುತ್ತದೆ. ಹಾಗಾಗಿ ಮೂವರಿಗೂ ತಮ್ಮದೇ ಸರಿ.

ಹಾಲಿಗೆ ಅಂತ ಮೂರರಿಂದ ಹತ್ತು ಮಲಬಾರಿ ಆಡು ಕಟ್ಟಿಕೊಂಡ ಮನೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ಮಾಂಸಕ್ಕೆ ನೂರು ಸಾಕುವವರ ಲೆಕ್ಕ ಬೇರೆ. ಹಾಲಿನ ಆಡಿಗೆ ಮದ್ದು ಆರಿಸುವಾಗ ಬಾಟಲಿಯ ಹೆಸರು ಕೊನೆಗೆ ಬರಬೇಕು. ಅದಕ್ಕೂ ಮೊದಲು ಯಾವ ಹುಳ, ಯಾವ ಆಡು, ಹಾಲು ಯಾರು ಕುಡಿಯುತ್ತಾರೆ, ಆ ಮದ್ದು ನಿಮ್ಮ ಹಟ್ಟಿಯಲ್ಲಿ ಇನ್ನೂ ಹಿಡಿಯುತ್ತದಾ ಅನ್ನುವುದು ಗೊತ್ತಿರಬೇಕು.

ಯಾವ ಹುಳಕ್ಕೆ?

ಮಳೆಗಾಲದಲ್ಲಿ ಆಡನ್ನು ನೆಲಕ್ಕೆ ಹಾಕುವುದು ಹೆಚ್ಚಾಗಿ ಹೆಮಾಂಕಸ್ ಅನ್ನುವ ರಕ್ತ ಹೀರುವ ಹುಳ. ನಾವು ಎಲ್ಲವನ್ನೂ ಕರುಳಿನ ಹುಳ ಅಂತ ಒಟ್ಟಿಗೆ ಹೇಳುತ್ತೇವೆ. ಇದು ಇರುವುದು ಮಾತ್ರ ಕರುಳಿಗೆ ಸ್ವಲ್ಪ ಮೊದಲು, ನಾಲ್ಕನೇ ಹೊಟ್ಟೆಯಲ್ಲಿ. ಸತ್ತ ಆಡನ್ನು ಮೃಗಾಸ್ಪತ್ರೆಯಲ್ಲಿ ಕೊಯ್ದು ನೋಡುವಾಗ ಹತ್ತಿರ ನಿಂತರೆ ಬರಿಗಣ್ಣಿಗೇ ಕಾಣುತ್ತದೆ. ಎರಡು ಮೂರು ಸೆಂಟಿಮೀಟರ್ ಉದ್ದದ ನೂಲಿನಂಥ ಹುಳ. ಹೆಣ್ಣು ಹುಳದಲ್ಲಿ ರಕ್ತ ಕುಡಿದು ಕೆಂಪಾದ ಅದರದೇ ಕರುಳಿನ ಸುತ್ತ ಬಿಳಿ ಅಂಡಾಶಯ ಹುರಿ ಹಾಕಿದ ಹಾಗೆ ಸುತ್ತಿಕೊಂಡಿರುತ್ತದೆ. ಒಂದು ಹುಳದಿಂದ ಆಡಿಗೆ ದಿನಕ್ಕೆ ಸುಮಾರು 0.05 ಮಿಲಿ ರಕ್ತ ನಷ್ಟ. ಏನು ಮಹಾ ಅನ್ನಿಸಬಹುದು. ಹುಳ 5000 ಇದ್ದರೆ ದಿನಕ್ಕೆ ಕಾಲು ಲೀಟರ್ ಆಯಿತು. 30 ಕೆ.ಜಿ. ಆಡಿನ ಮೈಯಲ್ಲಿ ಇರುವ ರಕ್ತವೇ ಎರಡು ಲೀಟರ್ ಆಸುಪಾಸು.

ಹೆಣ್ಣು ಹುಳ ದಿನಕ್ಕೆ 5000ಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ಸೆಕೆಯೂ ತೇವವೂ ಇದ್ದರೆ ಒಂದು ವಾರದೊಳಗೆ ಮರಿಹುಳ ತಯಾರಾಗಿ ಹುಲ್ಲಿನ ಬುಡ ಹತ್ತುತ್ತದೆ. ಆಡು ಆ ಹುಲ್ಲು ತಿಂದು ಮೂರು ವಾರಕ್ಕೆ ಮತ್ತೆ ಮೊಟ್ಟೆ ಶುರು. ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಸುರಿಯುವ ಕಾಸರಗೋಡಿನಲ್ಲಿ ಸೆಕೆಗಾಗಲಿ ತೇವಕ್ಕಾಗಲಿ ಕೊರತೆ ಇಲ್ಲ.

ಈ ಹುಳ ಸಾಮಾನ್ಯವಾಗಿ ಬೇಧಿ ಮಾಡಿಸುವುದಿಲ್ಲ. ಹಿಕ್ಕೆ ಉರುಟುರುಟಾಗಿ ಚೆನ್ನಾಗಿಯೇ ಬೀಳುತ್ತಿರುತ್ತದೆ. ಹಾಲು ಇಳಿಯುತ್ತದೆ, ಗುಡ್ಡೆ ಹತ್ತುವಾಗ ಆಡು ಹಿಂದೆ ಬೀಳುತ್ತದೆ, ಕಣ್ಣಿನ ಒಳಪೊರೆ ಬಿಳುಚುತ್ತದೆ, ಕೊನೆಗೆ ಗದ್ದದ ಅಡಿಯಲ್ಲಿ ನೀರು ತುಂಬಿ ಜೋತು ಬೀಳುತ್ತದೆ. ಬೇಧಿ ಇಲ್ಲವಲ್ಲ, ಹುಳ ಇರಲಾರದು ಅಂತ ಕಾದು ಕೂತವರ ಆಡೇ ಹೆಚ್ಚಾಗಿ ಸಾಯುವುದು.

ಉಳಿದ ಹುಳಗಳ ವಿಷಯ ಬೇಗ ಮುಗಿಸುತ್ತೇನೆ. ಹಿಕ್ಕೆಯ ಮೇಲೆ ಬಿಳಿ ಅಕ್ಕಿಕಾಳಿನಂಥ ತುಂಡು ಕಂಡರೆ ಅದು ಲಾಡಿಹುಳ. ನೋಡಲು ಅಸಹ್ಯ, ಆದರೆ ದೊಡ್ಡ ಆಡಿಗೆ ಅದರಿಂದ ಹೇಳಿಕೊಳ್ಳುವ ತೊಂದರೆ ಇಲ್ಲ. ಕಣ್ಣಿಗೆ ಬೀಳುವ ಹುಳಕ್ಕೆ ಹೆದರಿ, ಕಾಣದ ಹುಳವನ್ನು ಬಿಟ್ಟುಬಿಡುವುದು ನಮ್ಮಲ್ಲಿ ಮಾಮೂಲು. ಬೈಲಿನ ಗದ್ದೆಯಲ್ಲೋ ತೋಡಿನ ಬದಿಯಲ್ಲೋ ಮೇಯುವ ಆಡಿಗೆ ಲಿವರ್ ಫ್ಲೂಕ್ ಮತ್ತು ಹೊಟ್ಟೆಯ ಚಪ್ಪಟೆ ಹುಳ ಬರಬಹುದು, ಯಾಕೆಂದರೆ ಅವು ನೀರಿನ ಬಸವನಹುಳದ ಮೂಲಕ ಹರಡುತ್ತವೆ. ಮೂರು ವಾರದಿಂದ ಐದು ತಿಂಗಳೊಳಗಿನ ಮರಿಗೆ ಬೇಧಿ ಶುರುವಾದರೆ ಹುಳಕ್ಕಿಂತ ಮೊದಲು ಕಾಕ್ಸಿಡಿಯ ಇದೆಯಾ ನೋಡಿಸಬೇಕು. ಅದು ಹುಳವೇ ಅಲ್ಲ, ಬರಿಗಣ್ಣಿಗೆ ಕಾಣದ ಏಕಕೋಶ ಜೀವಿ. ಹುಳದ ಮದ್ದು ಎಷ್ಟು ಕುಡಿಸಿದರೂ ಜಗ್ಗುವುದಿಲ್ಲ, ಅದಕ್ಕೆ ಸಲ್ಫಾ ಅಥವಾ ಆಂಪ್ರೋಲಿಯಂನಂಥ ಬೇರೆಯೇ ಮದ್ದು ಬೇಕು.

ಎಲ್ಲಕ್ಕೂ ಕೊಡುವುದಾ, ಬೇಕಾದ್ದಕ್ಕೆ ಮಾತ್ರವಾ?

ಮದ್ದುಗಳ ನಡುವೆ ಆರಿಸುವುದಕ್ಕಿಂತ ಇದು ದೊಡ್ಡ ಆಯ್ಕೆ. ಇಲ್ಲಿ ಮೂರು ದಾರಿ ಇವೆ.

ಮೊದಲನೆಯದು ಕ್ಯಾಲೆಂಡರ್ ದಾರಿ. ಮೂರು ತಿಂಗಳಿಗೊಮ್ಮೆ ಎಲ್ಲ ಆಡಿಗೂ ಕುಡಿಸಿಬಿಡುವುದು. ತಲೆಬಿಸಿ ಇಲ್ಲ, ನೆನಪಿಡುವುದು ಸುಲಭ. ಆದರೆ ಮಳೆಗಾಲದಲ್ಲಿ ಮೂರು ತಿಂಗಳು ತುಂಬಾ ದೂರ, ಅಷ್ಟರಲ್ಲಿ ಹುಳ ಮೂರು ಸಲ ಸಂಸಾರ ಹೂಡಿರುತ್ತದೆ. ಏಪ್ರಿಲ್ ಬಿಸಿಲಿಗೆ ಪದವಿನ ಮುರಕಲ್ಲು ಕಾದ ಹೆಂಚಾದಾಗ ಅದೇ ಮದ್ದು ದಂಡ. ಬರೀ ದಂಡ ಆದರೆ ಪರವಾಗಿಲ್ಲ. ಬೇಸಗೆಯಲ್ಲಿ ಗುಡ್ಡೆಯ ಹುಲ್ಲಿನಲ್ಲಿ ಮರಿಹುಳ ಇರುವುದೇ ಕಮ್ಮಿ. ಆಗ ಎಲ್ಲ ಆಡಿಗೂ ಮದ್ದು ಹಾಕಿದರೆ ಉಳಿಯುವುದು ಮದ್ದಿಗೆ ಬಗ್ಗದ ಹುಳ ಮಾತ್ರ. ಮಳೆ ಬಂದ ಮೇಲೆ ಹೆಚ್ಚುವುದು ಅವುಗಳ ಸಂತಾನವೇ. 'ಮಳೆಗೆ ಮೊದಲು ಎಲ್ಲಕ್ಕೂ ಒಂದು ಡೋಸ್' ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪದೇ ಇರುವುದು ಇದಕ್ಕೇ.

ಎರಡನೆಯದು ಕಣ್ಣು ನೋಡಿ ಕೊಡುವುದು. ದಕ್ಷಿಣ ಆಫ್ರಿಕಾದಲ್ಲಿ ಕುರಿಗಳಿಗೆ ಅಂತ ಶುರುವಾದ ಫಮಾಚಾ ಕ್ರಮ ಇದು, ಆಡಿಗೂ ನಡೆಯುತ್ತದೆ. ಆಡನ್ನು ಹಟ್ಟಿಯಿಂದ ಹೊರಗೆ, ಹಗಲು ಬೆಳಕಿಗೆ ತನ್ನಿ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆ ಮುಚ್ಚಿಸಿ, ಕಣ್ಣುಗುಡ್ಡೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆಯಿರಿ. ಕೆಳರೆಪ್ಪೆಯ ಒಳಪೊರೆ ಹೊರಗೆ ಉಬ್ಬಿ ಬರುತ್ತದೆ. ಅದರಲ್ಲಿ ಎಲ್ಲಿ ಬಣ್ಣ ಅತಿ ಗಾಢವಾಗಿದೆಯೋ ಅದನ್ನು ನೋಡಿ, ಅಂಚಿನ ಬಣ್ಣವನ್ನಲ್ಲ. ಒಂದೇ ಕ್ಷಣ ನೋಡಬೇಕು, ಜಾಸ್ತಿ ಹೊತ್ತು ಹಿಡಿದರೆ ರಕ್ತ ನುಗ್ಗಿ ಕೆಂಪಾಗಿಬಿಡುತ್ತದೆ. ಕಡುಕೆಂಪು ಇದ್ದರೆ 1, ಕೆಂಪು ಕಮ್ಮಿಯಾದರೆ 2, ಗುಲಾಬಿಗೆ 3, ಬಿಳಿ ಕಲೆತ ಗುಲಾಬಿಗೆ 4, ಕಾಗದದಂತೆ ಬಿಳಿ ಇದ್ದರೆ 5. 4 ಮತ್ತು 5ಕ್ಕೆ ಮದ್ದು ಬೇಕೇ ಬೇಕು. 3 ಬಂದದ್ದು ಮರಿಯೋ, ಗಬ್ಬದ ಆಡೋ, ಹಾಲು ಕೊಡುವ ಆಡೋ ಆದರೆ ಅದಕ್ಕೂ ಕೊಡಿ. 1, 2 ಬಂದ ಆಡನ್ನು ಬಿಡಿ.

ಬಿಡುವುದು ಯಾಕೆ ಅಂದರೆ, ಒಂದು ಹಿಂಡಿನ ಬಹುಪಾಲು ಹುಳ ಅದರ ಕಾಲು ಭಾಗದಷ್ಟು ಆಡುಗಳ ಹೊಟ್ಟೆಯಲ್ಲೇ ಇರುತ್ತದೆ. ಗಟ್ಟಿಯಾಗಿರುವ ಆಡಿನಲ್ಲಿ ಮದ್ದು ಕಾಣದ ಕೆಲವು ಹುಳ ಉಳಿದುಕೊಂಡರೆ ಒಳ್ಳೆಯದೇ. ಅವು ಮದ್ದಿಗೆ ಬಗ್ಗುವ ಜಾತಿ. ಮೊಂಡು ಹುಳಗಳ ಜೊತೆ ಅವೂ ಬೆರೆತರೆ ನಿಮ್ಮ ಮದ್ದು ಇನ್ನೂ ಕೆಲವು ವರ್ಷ ಹಿಡಿಯುತ್ತದೆ.

ಕಣ್ಣು ನೋಡುವುದಕ್ಕೂ ಮಿತಿ ಇದೆ. ಅದು ತೋರಿಸುವುದು ರಕ್ತ ಕಮ್ಮಿ ಅಂತ ಮಾತ್ರ. ಉಣ್ಣಿ, ಹೇನು, ಫ್ಲೂಕ್, ಬರೀ ಹೊಟ್ಟೆಗೆ ಸಾಲದ್ದು, ಯಾವುದರಿಂದಲೂ ರಕ್ತ ಇಳಿಯಬಹುದು. ಬೇಧಿ ಮಾಡಿಸುವ ಬೇರೆ ಹುಳಗಳನ್ನು ಕಣ್ಣು ಹೇಳುವುದಿಲ್ಲ. ಈ ಐದು ಬಣ್ಣ ಅಚ್ಚು ಹಾಕಿದ ಫಮಾಚಾ ಕಾರ್ಡಿನ ಜೆರಾಕ್ಸ್ ಅಥವಾ ಮೊಬೈಲ್ ಫೋಟೋ ನಂಬಬೇಡಿ, ಬಣ್ಣ ಬೇರೆಯೇ ಕಾಣುತ್ತದೆ. ಕಾರ್ಡ್ ಸಿಗದಿದ್ದರೆ ನಿಮ್ಮಲ್ಲೇ ಗಟ್ಟಿಯಾಗಿರುವ ಆಡಿನ ಕಣ್ಣಿನ ಜೊತೆ ಹೋಲಿಸಿ ನೋಡಿ.

ಮೂರನೆಯದು ಹಿಕ್ಕೆ ಪರೀಕ್ಷೆ. ಈಗಷ್ಟೇ ಬಿದ್ದ ಹತ್ತು ಹನ್ನೆರಡು ಹಿಕ್ಕೆ ಒಂದು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ, ಗಾಳಿ ತೆಗೆದು ಗಂಟು ಕಟ್ಟಿ, ಬೆಳಗ್ಗೆಯೇ ಪಂಚಾಯತಿನ ಮೃಗಾಸ್ಪತ್ರೆಗೆ ಒಯ್ಯಿರಿ. ಸಂಜೆವರೆಗೆ ಬಿಸಿಯಲ್ಲಿ ಬಿಟ್ಟರೆ ಮೊಟ್ಟೆ ಒಡೆಯಲು ಶುರುವಾಗಿ ಲೆಕ್ಕ ತಪ್ಪುತ್ತದೆ. ತಡವಾಗುವುದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಕೇಳುವಾಗ 'ಹುಳ ಉಂಟಾ' ಅಂತ ಮಾತ್ರ ಕೇಳಬೇಡಿ. ಹೊರಗೆ ಮೇಯುವ ಆಡಿನಲ್ಲಿ ಹುಳ ಇದ್ದೇ ಇರುತ್ತದೆ. ಯಾವ ಜಾತಿಯ ಮೊಟ್ಟೆ, ಗ್ರಾಮಿಗೆ ಎಷ್ಟು, ಅದನ್ನು ಕೇಳಿ.

ಸಣ್ಣ ಹಟ್ಟಿಗೆ ನಾನು ಹೇಳುವುದು ಎರಡನೆಯದನ್ನೇ. ಜೂನಿನಿಂದ ಅಕ್ಟೋಬರ್ ತನಕ ಎರಡು ವಾರಕ್ಕೊಮ್ಮೆ ಎಲ್ಲ ಆಡಿನ ಕಣ್ಣು ನೋಡಿ, ಜೊತೆಗೆ ಮಳೆಗಾಲದ ಶುರುವಿಗೆ ಎರಡು ಮೂರು ಆಡಿನ ಹಿಕ್ಕೆ ಪರೀಕ್ಷೆ ಮಾಡಿಸಿ. ಮರಿ ಹಾಕುವ ಎರಡು ವಾರ ಮೊದಲಿನಿಂದ ಹಾಕಿದ ಒಂದೂವರೆ ತಿಂಗಳ ತನಕ ತಾಯಿ ಆಡಿನ ಮೈಯ ತಡೆಶಕ್ತಿ ತಗ್ಗಿರುತ್ತದೆ, ಹುಳ ಹೆಚ್ಚುತ್ತದೆ. ಮಲಬಾರಿ ಆಡು ಎರಡು ಮೂರು ಮರಿ ಹಾಕುವುದು ಸಾಮಾನ್ಯ ಅಲ್ವಾ, ಅಂಥ ಆಡಿಗೆ ಈ ಹೊತ್ತು ಇನ್ನೂ ಕಷ್ಟ. ಅದರ ಕಣ್ಣನ್ನು ವಾರಕ್ಕೊಮ್ಮೆ ನೋಡಿ.

ಬಾಟಲಿಯ ಒಳಗೆ ಏನಿದೆ?

ಅಂಗಡಿಯಲ್ಲಿ ಹತ್ತಾರು ಹೆಸರು ಇವೆ. ಒಳಗಿರುವ ಮದ್ದಿನ ಕುಟುಂಬ ಮೂರು ನಾಲ್ಕು ಅಷ್ಟೇ. 'ಪ್ರತಿ ಸಲ ಮದ್ದು ಬದಲಿಸಿ' ಅನ್ನುವ ಸಲಹೆ ಪಾಲಿಸುವವರು ಕಳೆದ ಸಲ ಆಲ್ಬೆಂಡಜೋಲ್ ಕೊಟ್ಟು, ಈ ಸಲ ಫೆನ್‌ಬೆಂಡಜೋಲ್ ತರುತ್ತಾರೆ. ಎರಡೂ ಒಂದೇ ಕುಟುಂಬ. ಒಂದಕ್ಕೆ ಜಗ್ಗದ ಹುಳ ಇನ್ನೊಂದಕ್ಕೂ ಜಗ್ಗುವುದಿಲ್ಲ. ಕೊನೆಗೆ 'ಜೋಲ್' ಅಂತ ಇದ್ದದ್ದನ್ನು ಬದಲಿಸಿ ಇನ್ನೊಂದು ಜೋಲ್ ತಂದರೆ ಬದಲಾದದ್ದು ಲೇಬಲ್ ಮಾತ್ರ. ಲೆವಮಿಸೋಲ್ ಈ ಗುಂಪಿಗೆ ಸೇರಿದ್ದಲ್ಲ.

ಈ ಜೋಲ್ ಕುಟುಂಬವೇ ಬಿಳಿ ಮದ್ದು. ಹೆಚ್ಚು ಕಮ್ಮಿ ಆದರೂ ಆಡಿಗೆ ಅಪಾಯ ಕಮ್ಮಿ, ಎಲ್ಲ ಕಡೆ ಸಿಗುತ್ತದೆ. ಎರಡರಲ್ಲಿ ಆರಿಸುವುದಾದರೆ ಗಬ್ಬದ ಆಡಿಗೆ ಫೆನ್‌ಬೆಂಡಜೋಲ್. ಆಲ್ಬೆಂಡಜೋಲ್ ಗಬ್ಬ ನಿಂತ ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಮರಿಗೆ ತೊಂದರೆ ಮಾಡಬಹುದು. ಹೋತದ ಜೊತೆ ಬಿಟ್ಟಿದ್ದ ಆಡು ಗಬ್ಬವೋ ಅಲ್ಲವೋ ಗೊತ್ತಿಲ್ಲದಿದ್ದರೆ ಗಬ್ಬ ಅಂತಲೇ ಲೆಕ್ಕ ಹಿಡಿಯಿರಿ. ಆಲ್ಬೆಂಡಜೋಲ್‌ಗೆ ಇರುವ ಒಂದು ಹೆಚ್ಚುಗಾರಿಕೆ ಅಂದರೆ ಬೆಳೆದ ಲಿವರ್ ಫ್ಲೂಕಿಗೂ ತಕ್ಕಮಟ್ಟಿಗೆ ಹಿಡಿಯುತ್ತದೆ. ಈ ಕುಟುಂಬದ ದೊಡ್ಡ ದೋಷ ಅದರ ವಯಸ್ಸು. ಇದರ ಹಿರಿಯಣ್ಣ ಥಯಾಬೆಂಡಜೋಲ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. 1964ಕ್ಕೇ ಅದಕ್ಕೆ ಬಗ್ಗದ ಹೆಮಾಂಕಸ್ ಅಮೆರಿಕದಲ್ಲಿ ಸಿಕ್ಕಿತ್ತು. ಈಗ ಲೋಕದ ಎಲ್ಲ ಕಡೆಯೂ ಅಂಥ ಹುಳ ಇದೆ. ಹಾಗಾಗಿ ಬಿಳಿ ಮದ್ದು ಕೆಟ್ಟದ್ದು ಅಂತಲ್ಲ, ಅದನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ.

ಲೆವಮಿಸೋಲ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ. ಹುಳದ ಸ್ನಾಯು ಸೆಟೆದು ಹಿಡಿತ ತಪ್ಪಿ ಅದು ಹೊರಗೆ ಹೋಗುತ್ತದೆ. ಬಿಳಿ ಮದ್ದು ಸೋತ ಹಟ್ಟಿಯಲ್ಲಿ ಇದು ಹಲವು ಸಲ ಗೆಲ್ಲುತ್ತದೆ. ಆದರೆ ಸರಿಯಾದ ಅಳತೆಗೂ ವಿಷವಾಗುವ ಅಳತೆಗೂ ನಡುವೆ ಅಂತರ ಕಮ್ಮಿ. ಜಾಸ್ತಿಯಾದರೆ ಆಡು ನೊರೆ ಸುರಿಸಿ ನಡುಗುತ್ತದೆ, ಬೀಳುತ್ತದೆ. ತೂಕ ಅಂದಾಜು ಮಾಡುವವರು ಇದರ ತಂಟೆಗೆ ಹೋಗಬಾರದು. ಸೋತು ಮಲಗಿದ ಆಡಿಗೂ ಡಾಕ್ಟರನ್ನು ಕೇಳದೆ ಬೇಡ. ಆಡಿಗೆ ಬಾಯಿಗೆ ಕುಡಿಸುವ ರೂಪವೇ ಸರಿ, ಚುಚ್ಚುಮದ್ದಿಗೆ ಅಪಾಯ ಇನ್ನೂ ಜಾಸ್ತಿ. ಲೆವಮಿಸೋಲ್ ಜೊತೆ ಆಕ್ಸಿಕ್ಲೋಜನೈಡ್ ಸೇರಿದ ಬಾಟಲಿಯೂ ಸಿಗುತ್ತದೆ. ಆ ಎರಡನೆಯದು ಫ್ಲೂಕ್ ಮತ್ತು ಚಪ್ಪಟೆ ಹುಳಕ್ಕೆ. ಬೈಲಿನಲ್ಲಿ ಮೇಯುವ ಆಡಿಗೆ ಆ ಜೋಡಿ ಸರಿ. ಗುಡ್ಡೆಯಲ್ಲಿ ಸೊಪ್ಪು ತಿನ್ನುವ ಆಡಿಗೆ ಸುಮ್ನೆ ಯಾಕೆ ಎರಡು ಮದ್ದು?

ಐವರ್‌ಮೆಕ್ಟಿನ್ ಇಂಜೆಕ್ಷನ್ ನಮ್ಮಲ್ಲಿ ತುಂಬಾ ಜನಪ್ರಿಯ. ಕಾರಣವೂ ಇದೆ: ಕಜ್ಜಿಯ ನುಸಿಗೂ ರಕ್ತ ಹೀರುವ ಹೇನಿಗೂ ಹಿಡಿಯುತ್ತದೆ, ಒಂದೇ ಸೂಜಿಗೆ ಎರಡು ಕೆಲಸ. ಇದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಕೂಡ ಬಂತು. ಆದರೂ ಹಾಲಿನ ಆಡಿನ ಹೊಟ್ಟೆಹುಳಕ್ಕೆ ಈ ಸೂಜಿಯನ್ನು ನಾನು ಆರಿಸುವುದಿಲ್ಲ. ಚರ್ಮದ ಅಡಿಗೆ ಹಾಕಿದ ಐವರ್‌ಮೆಕ್ಟಿನ್ ಕೊಬ್ಬಿನಲ್ಲಿ ಕೂತು ದಿನಗಟ್ಟಲೆ ಹಾಲಿಗೆ ಇಳಿಯುತ್ತಿರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ನಿಧಾನಕ್ಕೆ ಇಳಿಯುವ ಆ ದಿನಗಳಲ್ಲಿ ಹೊಟ್ಟೆ ಸೇರುವ ಹುಳಕ್ಕೆ ಸಾಯುವಷ್ಟು ಮದ್ದು ಸಿಗುವುದಿಲ್ಲ, ಅಭ್ಯಾಸ ಆಗುವಷ್ಟು ಸಿಗುತ್ತದೆ. ಹುಳಕ್ಕೇ ಕೊಡುವುದಾದರೆ ಬಾಯಿಗೆ ಕೊಡುವ ರೂಪ ಮೇಲು. ಕಜ್ಜಿ ಬಂದು ಸೂಜಿ ಹಾಕಲೇಬೇಕಾದರೆ ಅದು ಬೇರೆ ಮಾತು. ಲಾಡಿಹುಳಕ್ಕಾಗಲಿ ಫ್ಲೂಕಿಗಾಗಲಿ ಇದು ನಾಟುವುದಿಲ್ಲ.

ಕ್ಲೋಸಾಂಟೆಲ್ ಹೆಮಾಂಕಸ್‌ಗೆ ಗಟ್ಟಿ ಮದ್ದು, ಫ್ಲೂಕಿಗೂ ಹಿಡಿಯುತ್ತದೆ. ರಕ್ತದಲ್ಲಿ ವಾರಗಟ್ಟಲೆ ಉಳಿಯುವುದರಿಂದ ರಕ್ತ ಕುಡಿದ ಹುಳ ಸಾಯುತ್ತಲೇ ಇರುತ್ತದೆ. ವಾರಗಟ್ಟಲೆ ಉಳಿಯುವ ಆ ಗುಣವೇ ಹಾಲಿನ ಆಡಿಗೆ ಇದನ್ನು ಬೇಡವಾಗಿಸುತ್ತದೆ. ಅಳತೆ ಮೀರಿದರೆ ಆಡಿನ ಕಣ್ಣು ಹೋಗುತ್ತದೆ, ಮತ್ತೆ ಬರುವುದಿಲ್ಲ. ಹಾಲು ಬತ್ತಿದ ಆಡಿಗೆ, ಹೋತಕ್ಕೆ, ಡಾಕ್ಟರ್ ತೂಕ ನೋಡಿ ಹೇಳಿದರೆ ಮಾತ್ರ.

ಇನ್ನು ಹಾಲಿನ ವಿಷಯ. ಆಡಿನ ಹಾಲು ನಮ್ಮಲ್ಲಿ ಹೋಗುವುದೇ ಸಣ್ಣ ಮಗುವಿಗೆ, ಇಲ್ಲವಾದರೆ ಹುಷಾರಿಲ್ಲದವರಿಗೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದ ಊರಿನವರು ನಾವು. ಹಾಲಿನಲ್ಲಿ ಮದ್ದಿನ ಅಂಶ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮದ್ದು ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಿಡಬೇಕು ಅನ್ನುವುದನ್ನು ಡಾಕ್ಟರನ್ನೇ ಕೇಳಿ, ಯಾಕೆಂದರೆ ಬಾಟಲಿಯ ಮೇಲಿನ ದಿನದ ಲೆಕ್ಕ ಹೆಚ್ಚಾಗಿ ದನದ್ದು ಅಥವಾ ಕುರಿಯದ್ದು. ಅಂದಾಜಿಗೆ ಹೇಳುವುದಾದರೆ, ಅಮೆರಿಕದಲ್ಲಿ ಆಡಿಗೆ ಅಂತಲೇ ಮಾಡಿದ ಪಟ್ಟಿಯಲ್ಲಿ ಬಾಯಿಗೆ ಕೊಟ್ಟ ಲೆವಮಿಸೋಲ್‌ಗೆ 3 ದಿನ, ಫೆನ್‌ಬೆಂಡಜೋಲ್‌ಗೆ 4 ದಿನ, ಐವರ್‌ಮೆಕ್ಟಿನ್‌ಗೆ 9 ದಿನ ಹಾಲು ಬಿಡಬೇಕು ಅಂತ ಇದೆ. ಮೊರಾಂಟೆಲ್ ಅನ್ನುವ ಇನ್ನೊಂದು ಹುಳದ ಮದ್ದಿಗೆ ಹಾಲು ಬಿಡುವುದೇ ಬೇಡ ಅಂತ ಅದೇ ಪಟ್ಟಿ ಹೇಳುತ್ತದೆ, ಯಾಕೆಂದರೆ ಅದು ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಕಮ್ಮಿ. ಒಂದೇ ಆಡಿನ ಹಾಲನ್ನು ನಂಬಿದ ಮಗು ಮನೆಯಲ್ಲಿದ್ದರೆ ಮೊರಾಂಟೆಲ್ ಸಿಗುತ್ತದಾ ಅಂತ ಡಾಕ್ಟರ ಹತ್ತಿರ ಕೇಳಿ ನೋಡಬಹುದು.

ಒಟ್ಟಿನಲ್ಲಿ ಹಾಲು ಕೊಡುವ, ಗಬ್ಬದ ಆಡಿಗೆ ಮೊದಲು ಫೆನ್‌ಬೆಂಡಜೋಲ್. ಅದು ಹಿಡಿಯುತ್ತಿಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾದರೆ, ತೂಕ ಅಳೆದು, ಡಾಕ್ಟರ್ ಒಪ್ಪಿದರೆ ಲೆವಮಿಸೋಲ್. ಐವರ್‌ಮೆಕ್ಟಿನ್, ಕ್ಲೋಸಾಂಟೆಲ್ ಎರಡೂ ಹಾಲಿಲ್ಲದ ಆಡಿಗೆ.

ಅಳತೆಯಲ್ಲೇ ಅರ್ಧ ಮದ್ದು ಸೋಲುವುದು

ಆಡಿನ ಲಿವರ್ ಕುರಿಯದಕ್ಕಿಂತ ಚುರುಕು, ಮದ್ದನ್ನು ಬೇಗ ಕರಗಿಸಿ ಹೊರಗೆ ಹಾಕುತ್ತದೆ. ಹಾಗಾಗಿ ಕುರಿಯ ಅಳತೆ ಆಡಿಗೆ ಸಾಲದು. ಜೋಲ್ ಮದ್ದುಗಳಲ್ಲಿ ಕುರಿಗೆ ಕೆ.ಜಿ.ಗೆ 5 ಮಿ.ಗ್ರಾಂ ಅಂದರೆ ಆಡಿಗೆ 10. ಲೆವಮಿಸೋಲ್ ಕುರಿಗೆ ಸುಮಾರು 8 ಆದರೆ ಆಡಿಗೆ 12, ಅದಕ್ಕಿಂತ ಮೇಲೆ ಹೋಗಬಾರದು.

ತೂಕಕ್ಕೆ ದೊಡ್ಡ ತಕ್ಕಡಿ ಬೇಡ, ಟೈಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮುಂಭಾಗದ ಮೂಳೆಯಿಂದ ಬಾಲದ ಬುಡದ ಮೂಳೆವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಬರುತ್ತದೆ. ಸುತ್ತಳತೆ 28, ಉದ್ದ 27 ಇಂಚು ಇದ್ದರೆ 32 ಕೆ.ಜಿ. ಆ ಆಡಿಗೆ 320 ಮಿ.ಗ್ರಾಂ ಬೇಕು. ಬಾಟಲಿಯ ಮೇಲೆ 2.5% ಅಂತ ಇದ್ದರೆ ಒಂದು ಮಿಲಿಯಲ್ಲಿ 25 ಮಿ.ಗ್ರಾಂ ಇರುತ್ತದೆ, ಅಂದರೆ 13 ಮಿಲಿ. 'ದೊಡ್ಡ ಆಡಿಗೆ ಹತ್ತು, ಮರಿಗೆ ಐದು' ಅನ್ನುವ ಅಂದಾಜು ಇಲ್ಲೇ ಸೋತಿತು. ಶೇಕಡಾವಾರು ಬಾಟಲಿಯಿಂದ ಬಾಟಲಿಗೆ ಬೇರೆ ಇರುತ್ತದೆ, ಪ್ರತಿ ಸಲ ಓದಿ. ದನದ ಮಾತ್ರೆ ಮುರಿಯುವ ಕೆಲಸ ಬಿಟ್ಟುಬಿಡಿ. ಮೂರು ಗ್ರಾಮಿನ ಮಾತ್ರೆಯ ಹತ್ತನೇ ಒಂದು ಭಾಗವನ್ನು ಯಾವ ಚೂರಿ ಸರಿಯಾಗಿ ಕೊಯ್ಯುತ್ತದೆ?

ಬಿಳಿ ಮದ್ದು ತಳ ಹಿಡಿಯುತ್ತದೆ. ಚೆನ್ನಾಗಿ ಕುಲುಕಿ. ಸೂಜಿ ತೆಗೆದ ಸಿರಿಂಜನ್ನು ಬಾಯಿಯ ಬದಿಯಿಂದ ತೂರಿಸಿ ನಾಲಿಗೆಯ ಬುಡಕ್ಕೆ ನಿಧಾನವಾಗಿ ಬಿಡಿ. ತಲೆಯನ್ನು ಮೇಲಕ್ಕೆ ಎತ್ತಿ ಹಿಡಿದರೆ ಮದ್ದು ಶ್ವಾಸಕೋಶಕ್ಕೆ ಹೋಗಬಹುದು, ಮೂತಿ ನೆಲಕ್ಕೆ ಸಮವಾಗಿ ಇರಲಿ. ಬಿಳಿ ಮದ್ದು ಕೊಡುವ ಹಿಂದಿನ ರಾತ್ರಿ ಮೇವು ಕಮ್ಮಿ ಮಾಡಿದರೆ ಅದು ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ನೀರು ನಿಲ್ಲಿಸಬಾರದು. ತುಂಬು ಗಬ್ಬದ ಆಡನ್ನು ಉಪವಾಸ ಹಾಕಲೇಬಾರದು.

ನಾಟಿ ಮದ್ದು ಆಗುತ್ತದಾ?

ಕಹಿಬೇವು, ಬೆಳ್ಳುಳ್ಳಿ, ಪಪ್ಪಾಯಿ ಬೀಜ, ಅರಸಿನ. ಎಲ್ಲರ ಮನೆಯಲ್ಲೂ ಒಂದೊಂದು ಲೆಕ್ಕ ಇದೆ. ಗದ್ದದಡಿ ನೀರು ತುಂಬಿದ ಆಡಿಗೆ ಇವುಗಳನ್ನು ಅರೆದು ಕೊಡುತ್ತಾ ಕೂತರೆ ಆಡು ಹೋಗುತ್ತದೆ. ಅಡಿಕೆಯ ಊರಿನವರಾದ್ದರಿಂದ ಅಡಿಕೆಯ ಬಗ್ಗೆಯೂ ಹೇಳಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಒಂದು ಕಾಲದಲ್ಲಿ ನಾಯಿಯ ಲಾಡಿಹುಳಕ್ಕೆ ನಿಜವಾಗಿಯೂ ಬಳಕೆಯಲ್ಲಿತ್ತು. ಅದು ಲಾಡಿಹುಳವನ್ನು ಸಡಿಲಿಸಿ, ಬೇಧಿ ಮಾಡಿಸಿ ಹೊರಹಾಕುತ್ತಿತ್ತು. ಜೊತೆಗೆ ಜೊಲ್ಲು, ಹೊಟ್ಟೆನೋವು, ನಿಶ್ಶಕ್ತಿ. ಆಡಿನ ಹೆಮಾಂಕಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಹಲಸಿನ ಸೊಪ್ಪಿನ ವಿಷಯ ಬೇರೆ. ಅದು ಮದ್ದಲ್ಲ, ಮೇವು. ಒಗರಿನ ಅಂಶ ಇರುವ ಸೊಪ್ಪು ಹುಳಕ್ಕೆ ಸ್ವಲ್ಪ ಕಿರಿಕಿರಿ ಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಮರದಿಂದ ಕಡಿದು ಎತ್ತರಕ್ಕೆ ಕಟ್ಟಿದ ಸೊಪ್ಪಿನಲ್ಲಿ ಮರಿಹುಳ ಇರುವುದಿಲ್ಲ. ಮರಿಹುಳ ಇಬ್ಬನಿಯ ತೇವದಲ್ಲಿ ಹುಲ್ಲಿನ ಕೆಳಗಿನ ಕೆಲವು ಇಂಚು ಮಾತ್ರ ಹತ್ತುತ್ತದೆ. ಆಡು ತಲೆ ಎತ್ತಿ ತಿಂದಷ್ಟು ಹೊತ್ತು ಅದಕ್ಕೆ ಹುಳ ಸೇರುವುದಿಲ್ಲ.

ಮೇಯಿಸುವುದಾ, ಕಟ್ಟಿ ಹಾಕುವುದಾ?

ಆಟಿಯ ಮಳೆಯಲ್ಲಿ ಕಟ್ಟಿ ಹಾಕುವುದೇ ಲೇಸು. ಅಡಿಕೆ ಸಲಾಕೆಯನ್ನು ಅರ್ಧ ಇಂಚು ಸಂದಿ ಬಿಟ್ಟು ಹೊಡೆದ, ನೆಲದಿಂದ ಮೂರು ನಾಲ್ಕು ಅಡಿ ಎತ್ತರದ ಅಟ್ಟದ ಹಟ್ಟಿಯಲ್ಲಿ ಹಿಕ್ಕೆ ಕೆಳಗೆ ಬೀಳುತ್ತದೆ, ಆಡಿನ ಬಾಯಿಗೆ ಸಿಗುವುದಿಲ್ಲ. ಮರಿಗಳಿಗೆ ಕಾಕ್ಸಿಡಿಯ ಕೂಡ ಕಮ್ಮಿ. ಮೇವಿನ ತಟ್ಟೆ ನೆಲದಲ್ಲಿ ಇಟ್ಟರೆ ಅಟ್ಟ ಮಾಡಿಯೂ ಪ್ರಯೋಜನ ಇಲ್ಲ, ಮರಿ ಅದರೊಳಗೇ ನಿಂತು ಹಿಕ್ಕೆ ಹಾಕುತ್ತದೆ. ಮೇಯಿಸಲೇಬೇಕಾದರೆ ಇಬ್ಬನಿ ಆರಿದ ಮೇಲೆ, ಬೈಲಿಗಿಂತ ಗುಡ್ಡೆಯ ಕುರುಚಲಿಗೆ ಬಿಡಿ.

ನಮ್ಮ ಕಡೆ ಯಾರೂ ಗಮನಿಸದ ಒಂದು ಜಾಗ ಅಡಿಕೆ ತೋಟ. ಆಡಿನ ಗೊಬ್ಬರ ಒಳ್ಳೆಯದು ಅಂತ ಹಸಿ ಹಿಕ್ಕೆಯನ್ನೇ ಬುಡಕ್ಕೆ ಹಾಕುತ್ತೇವೆ. ಬೇಸಗೆಯಲ್ಲಿ ಅದಕ್ಕೆ ಸ್ಪ್ರಿಂಕ್ಲರ್ ನೀರು, ಮೇಲೆ ಸೋಗೆಯ ನೆರಳು. ಪದವಿನಲ್ಲಿ ಹುಳ ಸಾಯುವ ಮಾರ್ಚ್ ತಿಂಗಳಲ್ಲೂ ಇಲ್ಲಿ ಮಳೆಗಾಲದ್ದೇ ತೇವ ಇರುತ್ತದೆ. ಹಸಿರು ಕಂಡಿತು ಅಂತ ಅದೇ ಬುಡದ ಹುಲ್ಲಿಗೆ ಆಡು ಕಟ್ಟುತ್ತೇವೆ, ಇಲ್ಲವೇ ಕೊಯ್ದು ತಂದು ಹಾಕುತ್ತೇವೆ. ಆಮೇಲೆ ಬೇಸಗೆಯಲ್ಲೂ ಹುಳ ಯಾಕೆ ಅಂತ ಕೇಳುತ್ತೇವೆ! ಹಿಕ್ಕೆಯನ್ನು ಗುಂಡಿಯಲ್ಲಿ ರಾಶಿ ಹಾಕಿ, ಬಿಸಿ ಏರಿ ಕೊಳೆತ ಮೇಲೆ ಬುಡಕ್ಕೆ ಹಾಕಿ. ತೋಟದ ಹುಲ್ಲು ಬೇಕೇ ಬೇಕಾದರೆ ಬುಡದಿಂದ ಒಂದು ಗೇಣು ಬಿಟ್ಟು ಮೇಲಿನದ್ದನ್ನು ಕೊಯ್ದು, ಬಿಸಿಲಿಗೆ ಬಾಡಿಸಿ ಹಾಕಿ.

ಹಿಡಿಯಿತಾ ಇಲ್ಲವಾ?

ಮದ್ದು ಕೊಡುವ ದಿನ ಒಂದು ಹಿಕ್ಕೆ ಪರೀಕ್ಷೆ, 10ರಿಂದ 14 ದಿನ ಕಳೆದು ಅದೇ ಆಡಿನ ಇನ್ನೊಂದು. ಮೊಟ್ಟೆಯ ಲೆಕ್ಕ 95% ಇಳಿದಿದ್ದರೆ ಆ ಮದ್ದು ನಿಮ್ಮ ಹಟ್ಟಿಯಲ್ಲಿ ಜೀವಂತ ಇದೆ. ಅದಕ್ಕಿಂತ ಕಮ್ಮಿ ಇಳಿದಿದ್ದರೆ ಮೊದಲು ಅಳತೆ ಸರಿ ಇತ್ತಾ ನೋಡಿ. ಅಳತೆ ಸರಿ ಇದ್ದೂ ಇಳಿಯಲಿಲ್ಲ ಅಂದರೆ ಮಾತ್ರ ಬೇರೆ ಕುಟುಂಬಕ್ಕೆ ಹೋಗಿ. ಡಾಕ್ಟರ ಹತ್ತಿರ ಹೋಗುವಾಗ ಹಳೇ ಬಾಟಲಿ, ಕೊಟ್ಟ ತಾರೀಕು, ಎರಡೂ ಚೀಟಿ ಒಯ್ಯಿರಿ. ಮಲಯಾಳದಲ್ಲಿ ವಿವರಿಸಲು ಬಾರದಿದ್ದರೂ ಇಷ್ಟು ಮೇಜಿನ ಮೇಲೆ ಇಟ್ಟರೆ ಅವರಿಗೆ ಅರ್ಥ ಆಗುತ್ತದೆ.

ಇಷ್ಟೆಲ್ಲ ಮಾಡಿದ ಹಟ್ಟಿಯನ್ನು ಒಂದೇ ದಿನದಲ್ಲಿ ಹಾಳು ಮಾಡುವುದು ಹೊಸ ಆಡು. ಸಂತೆಯಿಂದಲೋ, ಗಡಿಯಾಚೆ ವಿಟ್ಲ, ಪುತ್ತೂರಿನಿಂದಲೋ ಬಂದ ಆಡು ತನ್ನ ಊರಿನ ಮೊಂಡು ಹುಳವನ್ನೂ ತರುತ್ತದೆ. ಎರಡು ವಾರ ಬೇರೆಯೇ ಕಟ್ಟಿ, ಹುಲ್ಲಿನ ನೆಲದಲ್ಲಲ್ಲ, ಗಟ್ಟಿ ನೆಲದಲ್ಲಿ. ಬಂದ ದಿನವೇ ಎರಡು ಬೇರೆ ಕುಟುಂಬದ ಮದ್ದನ್ನು ಪೂರ್ತಿ ಅಳತೆಯಲ್ಲಿ ಕೊಡಿಸಿ. ಎರಡನ್ನೂ ಒಂದೇ ಸಿರಿಂಜಿನಲ್ಲಿ ಬೆರೆಸಬಾರದು. ಯಾವ ಎರಡು ಅನ್ನುವುದು ಆಡು ಗಬ್ಬವಾ, ಹಾಲು ಕೊಡುತ್ತದಾ ಅನ್ನುವುದರ ಮೇಲೆ ಹೋಗುತ್ತದೆ, ಅದನ್ನು ಡಾಕ್ಟರ್ ಹೇಳಲಿ. ಎರಡು ವಾರದ ಮೇಲೆ ಹಿಕ್ಕೆ ಪರೀಕ್ಷೆ ಮಾಡಿಸಿ, ಮೊಟ್ಟೆ ಇಲ್ಲ ಅಂತಾದರೆ ಉಳಿದವುಗಳ ಜೊತೆ ಬಿಡಿ.